ಸಗಟು ಬೆಲೆ ಸೂಚ್ಯಂಕ

ಭಾರತದ ಸಗಟು ಬೆಲೆ ಸೂಚ್ಯಂಕ ಹೆಸರಿಗೆ ಮಂಡಿಯದು, ಒಳಗೆ ಬಹುಪಾಲು ಕಾರ್ಖಾನೆಯದು. 2011-12ನ್ನು ಆಧಾರ ವರ್ಷವಾಗಿಟ್ಟುಕೊಂಡ ಶ್ರೇಣಿಯಲ್ಲಿ ತಯಾರಿಕಾ ಸರಕುಗಳ ತೂಕ 100ಕ್ಕೆ 64.23. ಇವುಗಳ ಬೆಲೆಯನ್ನು ಯಾವ ಸಗಟು ಅಂಗಡಿಯಲ್ಲೂ ಕೇಳಿ ಬರೆದುಕೊಳ್ಳುವುದಿಲ್ಲ. ಮಾಲು ಕಾರ್ಖಾನೆಯ ಬಾಗಿಲು ದಾಟುವಾಗ ತಯಾರಕನ ಕೈಗೆ ಎಷ್ಟು ಸಿಕ್ಕಿತು ಎಂಬುದೇ ಇಲ್ಲಿ ಲೆಕ್ಕ. ಬೇರೆ ದೇಶಗಳು ಉತ್ಪಾದಕ ಬೆಲೆ ಸೂಚ್ಯಂಕ ಎಂದು ಕರೆಯುವ ಅಳತೆಯ ಕೆಲಸವನ್ನು ನಮ್ಮಲ್ಲಿ ದಶಕಗಳಿಂದ ಈ ಸೂಚ್ಯಂಕವೇ ಮಾಡಿಕೊಂಡು ಬಂದಿದೆ. ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದಲ್ಲಿರುವ ಆರ್ಥಿಕ ಸಲಹೆಗಾರರ ಕಚೇರಿ ಇದನ್ನು ಲೆಕ್ಕ ಹಾಕಿ ಪ್ರತಿ ತಿಂಗಳು 14ರಂದು, ಅಂದು ರಜೆ ಬಿದ್ದರೆ ಮುಂದಿನ ಕೆಲಸದ ದಿನದಂದು, ಹೊರಡಿಸುತ್ತದೆ.

ಮರುದಿನದ ಪತ್ರಿಕೆಯಲ್ಲಿ "ಸಗಟು ಹಣದುಬ್ಬರ ಇಳಿಕೆ" ಎಂದು ಓದಿದವರು ತರಕಾರಿ ಅಂಗಡಿಯಲ್ಲಿ ಅದನ್ನು ಹುಡುಕುತ್ತಾರೆ. ಸಿಗದಿದ್ದಾಗ ಅಂಕಿಅಂಶವೇ ಸುಳ್ಳು ಎನ್ನುತ್ತಾರೆ. ಅಂಕಿ ಸುಳ್ಳಲ್ಲ, ಅದು ಅಡುಗೆಮನೆಯದಲ್ಲ ಅಷ್ಟೆ. ಹಾಗಂತ ಮನೆಯ ಜೇಬಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಹೆದ್ದಾರಿಯ ಟೋಲ್, ಔಷಧಿಯ ಗರಿಷ್ಠ ಬೆಲೆ, ಸೇತುವೆ ಕಟ್ಟುವ ಗುತ್ತಿಗೆದಾರನ ಬಿಲ್ಲು, ದೇಶದ ಜಿಡಿಪಿ ಇವೆಲ್ಲಕ್ಕೂ ಈ ಸೂಚ್ಯಂಕ ಹಿಂಬಾಗಿಲಿನಿಂದ ಬರುತ್ತದೆ.

ತೂಕ ಮತ್ತು ತಕ್ಕಡಿ

2011-12ರ ಶ್ರೇಣಿಯಲ್ಲಿ 697 ಸರಕುಗಳಿವೆ, ಅವುಗಳಿಗೆ 8,331 ಬೆಲೆ ಉಲ್ಲೇಖಗಳಿವೆ. ಸರಕುಗಳಿಗೆ ಮೂರು ದೊಡ್ಡ ಗುಂಪು. ಧಾನ್ಯ, ತರಕಾರಿ, ಹಾಲು, ಹತ್ತಿ, ಅದಿರು, ಕಚ್ಚಾ ತೈಲ ಮೊದಲಾದ 117 ಪ್ರಾಥಮಿಕ ವಸ್ತುಗಳ ತೂಕ 22.62. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ವಿದ್ಯುತ್ ಇತ್ಯಾದಿ 16 ಇಂಧನಗಳದ್ದು 13.15. ಉಳಿದ 564 ಸರಕುಗಳೆಲ್ಲ ತಯಾರಿಕೆಯವು. ತಯಾರಿಕೆಯೊಳಗೆ ಹೆಚ್ಚು ತೂಗುವುದು ಮೂಲ ಲೋಹಗಳು, 9.65. ಹೀಗಾಗಿ ತೋರಣಗಲ್ಲಿನಂಥ ಕಡೆ ಉಕ್ಕಿನ ಸುರುಳಿ ಯಾವ ದರಕ್ಕೆ ಹೊರಬಿತ್ತು ಎಂಬುದು ಸೂಚ್ಯಂಕವನ್ನು ಎಳೆದಾಡಬಲ್ಲದು. ಅಕ್ಕಿಗಿರಣಿ, ಎಣ್ಣೆ ಗಾಣ, ಸಕ್ಕರೆ ಕಾರ್ಖಾನೆಗಳಿಂದ ಬರುವ ಆಹಾರ ಪದಾರ್ಥಗಳ ತೂಕ 9.12. ಇವುಗಳ ಜೊತೆಗೆ ಹೊಲದಿಂದ ನೇರ ಬರುವ ಆಹಾರ ವಸ್ತುಗಳನ್ನು ಸೇರಿಸಿದರೂ ಆಹಾರದ ಒಟ್ಟು ತೂಕ 24.38 ಮಾತ್ರ. ಆದರೆ 2012ನ್ನು ಆಧಾರವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ಪಾಲು 45.86. ಈರುಳ್ಳಿ ದುಬಾರಿಯಾದಾಗ ಒಂದು ಸೂಚ್ಯಂಕ ಕುಣಿದು ಇನ್ನೊಂದು ಅಲುಗಾಡದೆ ನಿಲ್ಲುವುದಕ್ಕೆ ಅರ್ಧ ಕಾರಣ ಇಲ್ಲೇ ಇದೆ.

ಲೆಕ್ಕದ ಮೂಲಸೂತ್ರ ಹಳೆಯದು. ಜರ್ಮನಿಯ ಎಟಿಯೆನ್ ಲಾಸ್ಪೇರ್ 1871ರಲ್ಲಿ ಹೇಳಿದ್ದು ಇಷ್ಟು: ಆಧಾರ ವರ್ಷದಲ್ಲಿ ಯಾವ ಸರಕು ಎಷ್ಟು ಪಾಲು ಹೊಂದಿತ್ತೋ ಅದೇ ಪಾಲನ್ನು ಕದಲಿಸದೆ ಹಿಡಿದುಕೊಂಡು, ಬೆಲೆಯನ್ನು ಮಾತ್ರ ಬದಲಿಸುತ್ತ ಹೋಗಿ. ಮೂರು ಗುಂಪುಗಳೂ 100ರಿಂದ ಹೊರಟವೆಂದುಕೊಳ್ಳಿ. ತಯಾರಿಕಾ ಸರಕು ಶೇ 2ರಷ್ಟು, ಪ್ರಾಥಮಿಕ ವಸ್ತು ಶೇ 5ರಷ್ಟು ಏರಿ, ಇಂಧನ ಶೇ 4ರಷ್ಟು ಇಳಿದರೆ ಒಟ್ಟು ಸೂಚ್ಯಂಕ ಸುಮಾರು 101.9 ಆಗುತ್ತದೆ. ತಯಾರಿಕೆಯ ಏರಿಕೆ ಚಿಕ್ಕದು, ಆದರೂ ಒಟ್ಟು ಏರಿಕೆಗೆ ಅದರ ಕೊಡುಗೆಯೇ ಎಲ್ಲಕ್ಕಿಂತ ಹೆಚ್ಚು.

ಈ ಸೂತ್ರಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ಒಂದೇ ಸರಕಿಗೆ ಹಲವು ತಯಾರಕರು ಹೇಳಿದ ಬೆಲೆಗಳನ್ನು ಕೂಡಿಸುವಲ್ಲಿ, ಇನ್ನೊಂದು ಸೂಕ್ಷ್ಮವಿದೆ. ಒಬ್ಬನ ಬೆಲೆ ಇಮ್ಮಡಿಯಾಯಿತು, ಇನ್ನೊಬ್ಬನದು ಅರ್ಧಕ್ಕಿಳಿಯಿತು ಎನ್ನಿ. 200 ಮತ್ತು 50ನ್ನು ಕೂಡಿ ಎರಡರಿಂದ ಭಾಗಿಸಿದರೆ 125. ಅಂದರೆ ಬೆಲೆ ಕಾಲುಪಾಲು ಏರಿತು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸರಿಯಾಗಿ 100, ಏರಿಕೆಯೇ ಇಲ್ಲ. ಎರಡನೆಯ ದಾರಿ, ಅಂದರೆ ಗುಣೋತ್ತರ ಸರಾಸರಿ, ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 19ನೇ ಶತಮಾನದಲ್ಲಿ ಹಿಡಿದದ್ದು. 2011-12ರ ಶ್ರೇಣಿ ಸರಕಿನ ಮಟ್ಟದಲ್ಲಿ ಇದನ್ನೇ ಅನುಸರಿಸುತ್ತದೆ. ಯಾವುದೋ ಒಂದೆರಡು ಕಾರ್ಖಾನೆಗಳು ಏಕಾಏಕಿ ದರ ಏರಿಸಿದರೆ ಇಡೀ ಸರಕಿನ ಸೂಚ್ಯಂಕ ಜಿಗಿಯದಂತೆ ಇದು ಹಿಡಿದಿಡುತ್ತದೆ.

ಬೆಲೆ ಎಂದರೆ ಯಾವ ಬೆಲೆ?

ಸೂತ್ರಗಳ ಜಗಳಕ್ಕಿಂತ ಕಷ್ಟದ್ದು ಈ ಪ್ರಶ್ನೆ. ಪೀಣ್ಯದ ಒಂದು ಸಣ್ಣ ಘಟಕ ನೀರೆತ್ತುವ ಮೋಟಾರ್ ಪಂಪ್ ತಯಾರಿಸುತ್ತದೆ ಎಂದು ಊಹಿಸೋಣ. ಅದರ ರೇಟ್ ಲಿಸ್ಟಿನಲ್ಲಿ ಒಂದು ಮಾದರಿಗೆ ₹15,000 ಎಂದು ಅಚ್ಚಾಗಿದೆ. ಆ ದರಕ್ಕೆ ಯಾರೂ ಕೊಳ್ಳುವುದಿಲ್ಲ. ಡೀಲರಿಗೆ ಶೇ 20 ಡಿಸ್ಕೌಂಟ್ ಇದ್ದೇ ಇದೆ, ಬಿಲ್ಲು ಆಗುವುದು ₹12,000ಕ್ಕೆ, ಮೇಲೆ ಜಿಎಸ್‌ಟಿ. ಸೂಚ್ಯಂಕಕ್ಕೆ ಬೇಕಾದದ್ದು ಈ ₹12,000. ತೆರಿಗೆ ಬೇಡ, ಲಾರಿ ಬಾಡಿಗೆ ಬೇಡ, ಅಚ್ಚಾದ ದರವಂತೂ ಬೇಡವೇ ಬೇಡ. ಬೇಸಿಗೆಗೆ ಮುಂಚೆ ಮಾಲು ಖಾಲಿ ಮಾಡಲು ಮಾಲೀಕ "ಹತ್ತು ಕೊಂಡರೆ ಒಂದು ಪುಕ್ಕಟೆ" ಎಂದ. ಬಿಲ್ಲಿನಲ್ಲಿ ದರ ₹12,000ವೇ ಇರುತ್ತದೆ. ಆದರೆ ₹1,20,000ಕ್ಕೆ ಹನ್ನೊಂದು ಪಂಪ್ ಹೋದವು, ಅಂದಮೇಲೆ ಒಂದರ ನಿಜವಾದ ಬೆಲೆ ₹10,909. ಹಳೆಯ ಬಿಲ್ಲು ನೋಡಿ ನಮೂನೆಯಲ್ಲಿ "ಬದಲಾವಣೆ ಇಲ್ಲ" ಎಂದು ತುಂಬಿದ ಗುಮಾಸ್ತ ಶೇ 9ರ ಇಳಿಕೆಯನ್ನು ಅಳಿಸಿಬಿಟ್ಟ.

ಮುಂದಿನ ವರ್ಷ ಅದೇ ಘಟಕ ಹಳೆಯ ಮಾದರಿ ನಿಲ್ಲಿಸಿ, ಕಡಿಮೆ ವಿದ್ಯುತ್ ಎಳೆಯುವ ಹೊಸದನ್ನು ₹13,000ಕ್ಕೆ ಮಾರಿತು. ಬೆಲೆ ₹1,000 ಏರಿತೇ? ಹೊಸ ವೈಂಡಿಂಗಿಗೆ ₹700 ಹೆಚ್ಚು ಖರ್ಚಾಗಿದ್ದರೆ, ಕೊಳ್ಳುವವನಿಗೆ ಆ ₹700ಕ್ಕೆ ಸಲ್ಲಬೇಕಾದ ಗುಣ ಸಿಕ್ಕಿದೆ; ಶುದ್ಧ ಬೆಲೆ ಏರಿಕೆ ₹300 ಮಾತ್ರ, ಶೇ 2.5. ಇದರ ತಿರುವುಮುರುವೂ ಇದೆ. ದರ ಮುಟ್ಟದೆ ತಾಮ್ರದ ಜಾಗದಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿದರೆ ಅದು ಸದ್ದಿಲ್ಲದ ಬೆಲೆ ಏರಿಕೆ. ಇಂಥ ಬದಲಾವಣೆ ಹೊರಗಿನವರ ಕಣ್ಣಿಗೆ ಬೀಳುವುದು ತಯಾರಕ ತಾನಾಗಿ ಹೇಳಿದಾಗಲೇ. ಆದ್ದರಿಂದ ಬೆಲೆ ಸೂಚ್ಯಂಕದ ಗುಣಮಟ್ಟ ದೆಹಲಿಯ ಕಂಪ್ಯೂಟರಿಗಿಂತ ಹೆಚ್ಚಾಗಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಮೂನೆ ತುಂಬುವವರ ತಾಳ್ಮೆಯ ಮೇಲೆ ನಿಂತಿದೆ ಎಂದರೆ ಅತಿಶಯವಲ್ಲ.

ಎಲ್ಲರೂ ಹೊತ್ತಿಗೆ ಸರಿಯಾಗಿ ತುಂಬುವುದೂ ಇಲ್ಲ. ಹಾಗಾಗಿ 14ರಂದು ಬರುವುದು ತಾತ್ಕಾಲಿಕ ಅಂಕಿ. ಹತ್ತು ವಾರಗಳ ನಂತರ ತಡವಾಗಿ ಬಂದ ಬೆಲೆಗಳನ್ನೂ ಸೇರಿಸಿ ಅಂತಿಮಗೊಳಿಸುತ್ತಾರೆ. ವ್ಯತ್ಯಾಸ ಕೆಲವೊಮ್ಮೆ ಸಣ್ಣದಲ್ಲ: 2022ರ ಮೇ ತಿಂಗಳ ಸಗಟು ಹಣದುಬ್ಬರ ಮೊದಲು ಶೇ 15.88 ಎಂದು ಪ್ರಕಟವಾಗಿ ಆಮೇಲೆ ಶೇ 16.63 ಆಯಿತು. ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುವುದು ಮೊದಲ ಅಂಕಿ. ತಿದ್ದುಪಡಿ ಒಳಪುಟದ ಕೊನೆಯ ಸಾಲಿಗೂ ಬರುವುದು ಅಪರೂಪ.

ಯುದ್ಧಕಾಲದ ಕೂಸು

ಬೆಲೆಗಳ ಸೂಚ್ಯಂಕ ಭಾರತದಲ್ಲಿ ಬ್ರಿಟಿಷರ ಕಾಲದಿಂದಲೇ ಇತ್ತು. ಆದರೆ ಈಗಿನ ಸಗಟು ಬೆಲೆ ಸೂಚ್ಯಂಕದ ವಂಶವೃಕ್ಷ ತೊಡಗುವುದು ಎರಡನೇ ಮಹಾಯುದ್ಧದಲ್ಲಿ, 1942ರ ಜನವರಿ 10ಕ್ಕೆ ಆರಂಭವಾದ ವಾರದಿಂದ. ಆಗ ಆಧಾರ ಒಂದು ವರ್ಷವಲ್ಲ, ಒಂದೇ ವಾರ: ಯುದ್ಧ ಹೊತ್ತಿಕೊಳ್ಳುವುದಕ್ಕೆ ಎರಡು ವಾರ ಮುಂಚೆ, 1939ರ ಆಗಸ್ಟ್ 19ಕ್ಕೆ ಮುಗಿದ ವಾರ. ಸರಕುಗಳು 23. ಯುದ್ಧ ಬೆಲೆಯನ್ನು ಎಷ್ಟು ಮೇಲೆತ್ತಿತು ಎಂದು ತಿಳಿಯುವುದಷ್ಟೇ ಅಂದಿನ ಅಗತ್ಯವಾಗಿತ್ತು. ಸ್ವಾತಂತ್ರ್ಯಾನಂತರ ಆಧಾರ ವರ್ಷ 1952-53, 1961-62, 1970-71, 1981-82, 1993-94, 2004-05, 2011-12 ಎಂದು ಸರಿಯುತ್ತ ಬಂತು. 1952-53ರ ಶ್ರೇಣಿಯಲ್ಲಿ 112 ಇದ್ದ ಸರಕುಗಳು 1970-71ರಲ್ಲಿ 360 ಆದವು.

2017ರ ಮೇ ತಿಂಗಳಲ್ಲಿ 2011-12ರ ಶ್ರೇಣಿ ಹೊರಬಂದಾಗ 199 ಹೊಸ ಸರಕು ಸೇರಿ 146 ಹಳೆಯವು ಬಿದ್ದವು. ಸೇರಿದವುಗಳಲ್ಲಿ ಮೂಲಂಗಿ, ಹಾಗಲ, ದಾಳಿಂಬೆ ಮಾತ್ರವಲ್ಲ, ಹಲಸಿನ ಹಣ್ಣೂ ಇತ್ತು. ಅಷ್ಟು ದಿನ ದೇಶದ ಬೆಲೆಪಟ್ಟಿಯಲ್ಲಿ ಹಲಸಿಗೆ ಜಾಗವಿರಲಿಲ್ಲ ಎಂಬುದೇ ಮಲೆನಾಡಿನವರಿಗೆ ಸುದ್ದಿ. ಆ ಪರಿಷ್ಕರಣೆಯಲ್ಲಿ ನಿಜಕ್ಕೂ ಮಹತ್ವದ್ದಾದ ಬದಲಾವಣೆ ಬೇರೆ. ಪರೋಕ್ಷ ತೆರಿಗೆಯನ್ನು ಬೆಲೆಯಿಂದ ಹೊರಗಿಟ್ಟರು. ಎರಡೇ ತಿಂಗಳಲ್ಲಿ, ಆ ವರ್ಷ ಜುಲೈ 1ಕ್ಕೆ, ಜಿಎಸ್‌ಟಿ ಬಂತು. ತೆರಿಗೆ ಸೇರಿಸಿಯೇ ಅಳೆಯುತ್ತಿದ್ದರೆ ಅಬಕಾರಿ ಸುಂಕ ಹೋಗಿ ಜಿಎಸ್‌ಟಿ ಬಂದ ಗೊಂದಲವೆಲ್ಲ ಸೂಚ್ಯಂಕದೊಳಗೆ ನುಗ್ಗುತ್ತಿತ್ತು.

ಮೊದಲು ಇದು ವಾರಕ್ಕೊಮ್ಮೆ ಬರುತ್ತಿತ್ತು. 2009ರಲ್ಲಿ ಒಟ್ಟು ಸೂಚ್ಯಂಕ ತಿಂಗಳಿಗೊಮ್ಮೆಗೆ ಇಳಿಯಿತು, ಪ್ರಾಥಮಿಕ ವಸ್ತು ಮತ್ತು ಇಂಧನದ ವಾರದ ಅಂಕಿಯೂ 2012ರ ಆರಂಭದಲ್ಲಿ ನಿಂತಿತು. ವಾರದ ಅಂಕಿಗೆ ಷೇರುಪೇಟೆ ಹಾರುತ್ತಿತ್ತೇ ಹೊರತು ಬೇರೆ ಉಪಯೋಗ ಅಷ್ಟಕ್ಕಷ್ಟೆ. ಕಾರ್ಖಾನೆಗಳೇನು ವಾರಕ್ಕೊಮ್ಮೆ ದರ ಬದಲಿಸುವುದಿಲ್ಲವಲ್ಲ.

ಎರಡು ಅಂಕಿಗಳ ವಿರಸ

ಬಹುಕಾಲ ಭಾರತದಲ್ಲಿ ಹಣದುಬ್ಬರ ಎಂದರೆ ಸಗಟು ಹಣದುಬ್ಬರವೇ. 1974-75ರಲ್ಲಿ ತೈಲ ಬಿಕ್ಕಟ್ಟು, ಬರ ಎರಡರ ಹೊಡೆತಕ್ಕೆ ಅದು ವರ್ಷದ ಸರಾಸರಿಯಲ್ಲಿ ಶೇ 25ರ ಆಸುಪಾಸಿಗೆ ಹೋಗಿದ್ದೂ ಈ ಸೂಚ್ಯಂಕದ ಲೆಕ್ಕದಲ್ಲೇ. 2014ರ ಜನವರಿಯಲ್ಲಿ ಊರ್ಜಿತ್ ಪಟೇಲ್ ಸಮಿತಿ ಗ್ರಾಹಕ ಬೆಲೆಯನ್ನೇ ಗುರಿಯಾಗಿಟ್ಟುಕೊಳ್ಳಬೇಕೆಂದಿತು. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿಯಾಗಿ, ಗ್ರಾಹಕ ಹಣದುಬ್ಬರ ಶೇ 4, ಅದರ ಮೇಲೆ ಕೆಳಗೆ ಶೇ 2ರ ಅವಕಾಶ ಎಂಬುದು ಗುರಿಯಾಯಿತು. ಸಗಟು ಸೂಚ್ಯಂಕ ಹಿಂದಿನ ಬೆಂಚಿಗೆ ಹೋಯಿತು.

ಹೋಗುವಾಗ ಒಂದು ತಮಾಷೆಯನ್ನೂ ತೋರಿಸಿತು. 2014ರ ನವೆಂಬರಿನಿಂದ 2016ರ ಮಾರ್ಚ್‌ವರೆಗೆ, ಒಟ್ಟು 17 ತಿಂಗಳು, 2004-05ರ ಶ್ರೇಣಿಯಂತೆ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿತ್ತು. ಕಚ್ಚಾ ತೈಲ, ಲೋಹ ಎರಡೂ ಜಗತ್ತಿನಾದ್ಯಂತ ಕುಸಿದಿದ್ದವು. ಆ ಹೊತ್ತಿನಲ್ಲಿ ಮನೆಯೊಡತಿಗೆ ಬೇಳೆಯ ಬೆಲೆ ಸುಡುತ್ತಿತ್ತು, ಗ್ರಾಹಕ ಹಣದುಬ್ಬರ ಸೊನ್ನೆಗಿಂತ ಮೇಲೆಯೇ ಇತ್ತು. ಬಡ್ಡಿ ದರ ನಿರ್ಧರಿಸುವವರು ಗ್ರಾಹಕ ಸೂಚ್ಯಂಕ ನೋಡಿದರು. ಸಾಲ ಮಾಡಿ ಯಂತ್ರ ಕೊಂಡ ಕಾರ್ಖಾನೆಯವನ ಕಷ್ಟ ಬೇರೆ: ಬ್ಯಾಂಕಿಗೆ ಶೇ 12 ಬಡ್ಡಿ ಕಟ್ಟಬೇಕು, ತಾನು ಮಾರುವ ಮಾಲಿನ ದರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅವನ ಪಾಲಿಗೆ ನಿಜವಾದ ಬಡ್ಡಿ ಶೇ 12ಕ್ಕಿಂತಲೂ ಹೆಚ್ಚು. ಹಿಂದಿನ ಬೆಂಚಿಗೆ ಹೋದರೂ ಈ ಸೂಚ್ಯಂಕವನ್ನು ಉದ್ಯಮದವರು ಕೈಬಿಡದಿರುವುದು ಇದಕ್ಕೇ.

2022ರ ಮೇ ತಿಂಗಳಲ್ಲಿ ವಿರಸ ತಿರುಗುಮುರುಗಾಯಿತು. ಉಕ್ರೇನ್ ಯುದ್ಧದ ಬಿಸಿಗೆ ಸಗಟು ಹಣದುಬ್ಬರ ಶೇ 15 ದಾಟಿದಾಗ ಗ್ರಾಹಕ ಹಣದುಬ್ಬರ ಶೇ 7.04. ಉತ್ಪಾದನಾ ವೆಚ್ಚದ ಏರಿಕೆಯನ್ನೆಲ್ಲ ಒಂದೇ ಸಲಕ್ಕೆ ಅಂಗಡಿ ಬೆಲೆಗೆ ದಾಟಿಸಲು ತಯಾರಕರಿಗೆ ಆಗಲಿಲ್ಲ. ಬಾಡಿಗೆ, ಶಾಲೆ ಫೀ, ಆಸ್ಪತ್ರೆ ಖರ್ಚು ಗ್ರಾಹಕನ ಬುಟ್ಟಿಯಲ್ಲಿವೆ, ಸಗಟು ಬುಟ್ಟಿಯಲ್ಲಿಲ್ಲ. ವರ್ಷ ಕಳೆದು 2023ರ ಜೂನ್ ಬಂದಾಗ ತಾತ್ಕಾಲಿಕ ಅಂಕಿ ಸೊನ್ನೆಗಿಂತ ಶೇ 4.12 ಕೆಳಗೆ. ಇದನ್ನು ಓದುವಾಗ ಎಚ್ಚರ ಬೇಕು. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸುವ ಪದ್ಧತಿ ಇದು. ಹಿಂದಿನ ವರ್ಷ ಬೆಟ್ಟದ ತುದಿಯಲ್ಲಿದ್ದರೆ ಈ ವರ್ಷ ಒಂದೆರಡು ಮೆಟ್ಟಿಲು ಕೆಳಗಿದ್ದರೂ ಇಳಿಕೆ ಎಂದೇ ಬರುತ್ತದೆ, ನಿಂತಿರುವುದು ಬೆಟ್ಟದ ಮೇಲೆಯೇ ಆದರೂ.

ಯಾರಿಗೆ ಬೇಕು ಈ ಅಂಕಿ

ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳ ಪ್ರಕಾರ ಟೋಲ್ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಮೂಲ ದರದ ಮೇಲೆ ವರ್ಷಕ್ಕೆ ಶೇ 3 ಖಚಿತ, ಅದರ ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಳಿತದ ಶೇ 40. ಸ್ಥೂಲವಾಗಿ ಹೇಳುವುದಾದರೆ, ಸೂಚ್ಯಂಕ ಶೇ 5 ಏರಿದರೆ ಟೋಲ್ ಶೇ 5 ಏರುತ್ತದೆ; ಸೂಚ್ಯಂಕ ಶೇ 5 ಇಳಿದರೂ ಶೇ 1 ಏರಿಯೇ ಏರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟೋಲ್ ಕಟ್ಟುವವರು ದರ ಎಂದಾದರೂ ಇಳಿದೀತೇ ಎಂದು ಕೇಳಿದರೆ ಉತ್ತರ ಈ ಲೆಕ್ಕದಲ್ಲಿದೆ: ಸೂಚ್ಯಂಕ ಒಂದೇ ವರ್ಷದಲ್ಲಿ ಶೇ 7.5ಕ್ಕಿಂತ ಹೆಚ್ಚು ಕುಸಿಯಬೇಕು.

ಔಷಧಿಯ ಕಥೆ ಇನ್ನೂ ಚೋದ್ಯದ್ದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಅಗತ್ಯ ಔಷಧಿಗಳ ಗರಿಷ್ಠ ಬೆಲೆಯನ್ನು ಹಿಂದಿನ ಕ್ಯಾಲೆಂಡರ್ ವರ್ಷದ ಸಗಟು ಬೆಲೆ ಬದಲಾವಣೆಯಷ್ಟೇ ಬದಲಿಸಬಹುದು. 2022ರ ಏಪ್ರಿಲ್‌ನಲ್ಲಿ ಆ ಅಂಕಿ ಶೇ 10.76607, 2023ರಲ್ಲಿ ಶೇ 12.1218. 2024ರಲ್ಲಿ ಎಷ್ಟು? ಶೇ 0.00551. ನೂರು ರೂಪಾಯಿಯ ಮಾತ್ರೆ ಪಟ್ಟಿಗೆ ಅರ್ಧ ಪೈಸೆಯ ಮೇಲೆ ಚೂರು. ಉಕ್ಕು, ಡೀಸೆಲ್, ಅಡುಗೆ ಎಣ್ಣೆಗಳ ಬೆಲೆ ಏರಿದ್ದಕ್ಕೆ ರಕ್ತದೊತ್ತಡದ ಮಾತ್ರೆ ಏಕೆ ದುಬಾರಿಯಾಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದು ಒಟ್ಟು ಸೂಚ್ಯಂಕವನ್ನು ಎಲ್ಲದಕ್ಕೂ ಕೀಲಿಕೈ ಮಾಡಿಕೊಂಡರೆ ಇಂಥ ವಿಚಿತ್ರಗಳು ತಪ್ಪುವುದಿಲ್ಲ.

ಕಾಮಗಾರಿ ಗುತ್ತಿಗೆಗಳು ಈ ವಿಷಯದಲ್ಲಿ ಹೆಚ್ಚು ಜಾಣತನ ತೋರುತ್ತವೆ. ದೀರ್ಘಾವಧಿ ಕಾಮಗಾರಿಗಳ ದರ ವ್ಯತ್ಯಾಸದ ಕರಾರಿನಲ್ಲಿ ಸಿಮೆಂಟಿಗೆ ಸಿಮೆಂಟಿನ, ಉಕ್ಕಿಗೆ ಉಕ್ಕಿನ ಉಪಸೂಚ್ಯಂಕ ಹಿಡಿಯುವ ರೂಢಿಯಿದೆ, ಕೂಲಿಗೆ ಕೈಗಾರಿಕಾ ಕಾರ್ಮಿಕರ ಗ್ರಾಹಕ ಸೂಚ್ಯಂಕ.

ಜಿಡಿಪಿಯಲ್ಲಿ ಇದರ ಬಳಕೆ ಪಂಡಿತರ ನಡುವೆ ದೊಡ್ಡ ಚರ್ಚೆ ಎಬ್ಬಿಸಿದೆ. ಒಂದು ಕಾರ್ಖಾನೆ ₹100ರ ಮಾಲು ತಯಾರಿಸಲು ₹60ರ ಕಚ್ಚಾ ಸಾಮಗ್ರಿ ಬಳಸುತ್ತದೆ, ಮೌಲ್ಯವರ್ಧನೆ ₹40. ಮರುವರ್ಷ ಅಷ್ಟೇ ಮಾಲು, ಅದೇ ದರ, ಆದರೆ ಸಾಮಗ್ರಿ ಅಗ್ಗವಾಗಿ ₹54ಕ್ಕೆ ಸಿಕ್ಕಿತು. ಈಗ ಮೌಲ್ಯವರ್ಧನೆ ₹46. ಮಾಲಿನ ಬೆಲೆ ಬದಲಾಗಿಲ್ಲವೆಂದು ಒಂದೇ ಸೂಚ್ಯಂಕದಿಂದ ಭಾಗಿಸಿದರೆ ಕಾರ್ಖಾನೆ ಶೇ 15 ಬೆಳೆದಂತೆ ಕಾಣುತ್ತದೆ. ವಾಸ್ತವದಲ್ಲಿ ಒಂದು ಬೋಲ್ಟನ್ನೂ ಹೆಚ್ಚು ತಯಾರಿಸಿಲ್ಲ. ಹುಟ್ಟುವಳಿಗೆ ಒಂದು, ಒಳಸುರಿಗೆ ಇನ್ನೊಂದು ಹೀಗೆ ಎರಡು ಬೆಲೆ ಸೂಚ್ಯಂಕ ಇದ್ದರೆ ಮಾತ್ರ ಈ ಮರೀಚಿಕೆ ಕರಗುತ್ತದೆ. ತೈಲ ಬೆಲೆ ಕುಸಿದ 2015ರ ಸುಮಾರಿಗೆ ಭಾರತದ ತಯಾರಿಕಾ ಬೆಳವಣಿಗೆಯ ಅಂಕಿಗಳ ಬಗ್ಗೆ ಎದ್ದ ಅನುಮಾನಗಳ ತಿರುಳು ಇದೇ.

ಮುಂದಿನ ಹೆಸರು

ಉತ್ಪಾದಕ ಬೆಲೆ ಸೂಚ್ಯಂಕಕ್ಕೂ ಸಗಟು ಸೂಚ್ಯಂಕಕ್ಕೂ ಇರುವ ಅಂತರ ಇಲ್ಲಿಯೇ ಕಾಣಿಸುತ್ತದೆ. ರಾಯಚೂರಿನ ಹತ್ತಿ ದುಬಾರಿಯಾದರೆ ಸಗಟು ಸೂಚ್ಯಂಕದಲ್ಲಿ ಅದು ಹತ್ತಿಯಾಗಿ ಒಮ್ಮೆ, ನೂಲಾಗಿ ಇನ್ನೊಮ್ಮೆ, ಬಟ್ಟೆಯಾಗಿ ಮತ್ತೊಮ್ಮೆ, ಅಂಗಿಯಾಗಿ ಮಗದೊಮ್ಮೆ ಎಣಿಕೆಯಾಗುತ್ತದೆ. ಉತ್ಪಾದಕ ಸೂಚ್ಯಂಕ ಉದ್ಯಮವನ್ನೋ ಸಂಸ್ಕರಣೆಯ ಹಂತವನ್ನೋ ಹಿಡಿದು ವಿಂಗಡಿಸಿ, ಹುಟ್ಟುವಳಿ ಬೆಲೆಯನ್ನೂ ಒಳಸುರಿ ಬೆಲೆಯನ್ನೂ ಬೇರೆಬೇರೆ ತೋರಿಸುತ್ತದೆ. ಸೇವೆಗಳೂ ಅದರೊಳಗೆ ಬರಬೇಕು. ಕರ್ನಾಟಕದ ಮಟ್ಟಿಗೆ ಇದು ಸಣ್ಣ ಮಾತಲ್ಲ: ರಾಜ್ಯದ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ಸೇವೆಗಳದ್ದು, ಸಗಟು ಸೂಚ್ಯಂಕದಲ್ಲಿ ಅವುಗಳ ತೂಕ ಸೊನ್ನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಗಂಟೆಯ ದರ ಏರಿಸಲಿ ಇಳಿಸಲಿ, ಈ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ.

ಅಮೆರಿಕವೂ ಇದೇ ದಾರಿಯಲ್ಲಿ ಬಂತು. ಅಲ್ಲಿ 1891ರ ಸೆನೆಟ್ ನಿರ್ಣಯದಿಂದ ಹುಟ್ಟಿ 1902ರಿಂದ ಪ್ರಕಟವಾಗುತ್ತಿದ್ದ ಸಗಟು ಸೂಚ್ಯಂಕದ ಹೆಸರನ್ನು 1978ರಲ್ಲಿ ಉತ್ಪಾದಕ ಬೆಲೆ ಸೂಚ್ಯಂಕವೆಂದು ಬದಲಿಸಿದರು. ಭಾರತದಲ್ಲಿ 2014ರಲ್ಲಿ ಬಿ. ಎನ್. ಗೋಲ್ದಾರ್ ಅಧ್ಯಕ್ಷತೆಯ ಕಾರ್ಯತಂಡ ರಚನೆಯಾಗಿ 2017ರಲ್ಲಿ ವರದಿ ಕೊಟ್ಟಿತು. 2025ರ ಜನವರಿಯಲ್ಲಿ ನೀತಿ ಆಯೋಗದ ರಮೇಶ್ ಚಂದ್ ಅಧ್ಯಕ್ಷತೆಯ ಕಾರ್ಯತಂಡಕ್ಕೆ ಎರಡು ಕೆಲಸ ವಹಿಸಲಾಯಿತು: ಸಗಟು ಸೂಚ್ಯಂಕದ ಆಧಾರ ವರ್ಷವನ್ನು 2022-23ಕ್ಕೆ ಸರಿಸುವುದು, ಉತ್ಪಾದಕ ಸೂಚ್ಯಂಕಕ್ಕೆ ದಾಟುವ ದಾರಿ ಗುರುತಿಸುವುದು.

ಆಧಾರ ವರ್ಷ ಸರಿದರೂ ಹಳೆಯ ಕರಾರುಗಳು ಹಳೆಯ ಶ್ರೇಣಿಯಲ್ಲೇ ಮಾತಾಡುತ್ತವೆ. ಅದಕ್ಕೆ ಜೋಡಣೆ ಗುಣಕ ಎಂಬ ಸಂಖ್ಯೆ ಇದೆ. 2011-12ರ ಶ್ರೇಣಿಯ ಒಟ್ಟು ಸೂಚ್ಯಂಕವನ್ನು 1.561ರಿಂದ ಗುಣಿಸಿದರೆ 2004-05ರ ಶ್ರೇಣಿಯ ಅಂಕಿ ಸಿಗುತ್ತದೆ, ಅದನ್ನು 1.873ರಿಂದ ಗುಣಿಸಿದರೆ 1993-94ರದ್ದು. 2011-12ರ ಶ್ರೇಣಿಯ 150 ಅಂದರೆ 2004-05ರ ಲೆಕ್ಕದಲ್ಲಿ 234.15, 1993-94ರ ಲೆಕ್ಕದಲ್ಲಿ 438ಕ್ಕೂ ಮೇಲೆ. ಹೊಸ ಶ್ರೇಣಿ ಬಂದಾಗಲೆಲ್ಲ ಗುತ್ತಿಗೆದಾರನ ಗುಮಾಸ್ತ ಮೊದಲು ಹುಡುಕುವುದು ಹಣದುಬ್ಬರದ ಅಂಕಿಯನ್ನಲ್ಲ, ಈ ಗುಣಕವನ್ನು.